ಇನ್ನೊಬ್ಬರು ಹಾಸಿದ ಹಾಸಿಗೆ

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಆ ಗಾದೆ ಕಟ್ಟಿದೋನು ಯಾವತ್ತೂ ಹಾಸಿಗೆ ಹಾಸಿದೋನಲ್ಲ. ಹಾಸಿದೋಳು ಎಲ್ಲಿ ಕಾಲು ಚಾಚಬೇಕು ಅಂತ ಅದರಲ್ಲಿ ಎಲ್ಲಿದೆ ಹೇಳಿ?"

ನಾನು ಕೇಳಿದ್ದು ಇದನ್ನಲ್ಲ. ಆಸ್ಪತ್ರೆಯ ಕೆಲಸಕ್ಕೆ ಸೇರಿದ್ದು ಹೇಗೆ ಎಂದು ಕೇಳಿದ್ದೆ. ಆದರೆ ಅವರ ಬದುಕಿನ ಯಾವ ಕಾಲದ ಬಗ್ಗೆ ಪ್ರಶ್ನೆ ಹಾಕಿದರೂ ಮಾತು ಸುತ್ತಿ ಬಂದು ನಿಲ್ಲುತ್ತಿದ್ದುದು ಮಹಾನಗರದ ಒಂದು ಲಾಡ್ಜಿನ ಕೋಣೆಯಲ್ಲಿ, ಅಲ್ಲಿನ ಮಂಚದ ಮುಂದೆ. ಆದ್ದರಿಂದ ಅವರ ಜೀವನವನ್ನು ಆ ಮಂಚದಿಂದಲೇ ನೋಡುವುದು ನ್ಯಾಯವೆಂದು ತೋರಿತು. ಇಲ್ಲಿರುವುದು ಅವರ ಬಾಯಿಂದ ಹಲವು ಸಲ ಕೇಳಿದ್ದು. ಆ ಪ್ರಯಾಣದಲ್ಲಿ ಜೊತೆಗಿದ್ದ ಅವರ ತಂಗಿ ಹೇಳಿದ್ದನ್ನೂ ಅಲ್ಲಲ್ಲಿ ಸೇರಿಸಿದ್ದೇನೆ. ಅಕ್ಕತಂಗಿಯರ ಮಾತು ಹೊಂದದ ಕಡೆ ಎರಡನ್ನೂ ಹಾಗೆಯೇ ಇಟ್ಟಿದ್ದೇನೆ.

ಅವರು ಒಂದು ಸಾರ್ವಜನಿಕ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ಆಗಿದ್ದವರು. ರೋಗಿಗಳನ್ನು ಮಗ್ಗುಲಿಗೆ ಹೊರಳಿಸುವುದು, ಮೈ ಒರೆಸುವುದು, ಊಟದ ತಟ್ಟೆ ಎತ್ತುವುದು ಎಲ್ಲವೂ ಅವರ ಪಾಲಿಗೆ ಬರುತ್ತಿತ್ತಾದರೂ ಅವರ ಹೆಸರು ನಿಂತದ್ದು ಹಾಸಿಗೆಯಲ್ಲಿ. ತಲೆದೆಸೆಯಲ್ಲಿ ಬೆಡ್‌ಶೀಟಿನ ಅಂಚನ್ನು ಮಡಚಿ ಗಾದಿಯ ಕೆಳಗೆ ತೂರಿಸಿ, ಕಾಲ್ದೆಸೆಗೆ ಬಂದು ಮಂಡಿ ಊರಿ ಎಳೆದರೆ ಬಟ್ಟೆ ತಮಟೆಯ ಚರ್ಮದಂತೆ ನಿಲ್ಲುತ್ತಿತ್ತು. ಅವರು ಸಿಕ್ಕಿಸಿದ ಹೊದಿಕೆಯೊಳಗೆ ಕಾಲು ತೂರಿಸಲು ರೋಗಿ ಹೆಣಗಬೇಕಾಗಿತ್ತು. "ಲಕೋಟೆಗೆ ಕಾಗದ ತುರುಕ್ದಂಗೆ ತುರುಕ್ತೀಯಲ್ಲೇ ನಮ್ಮನ್ನ, ಅಂಟು ಹಚ್ಚೋದೊಂದು ಬಾಕಿ" ಎಂದು ಒಬ್ಬ ಮುದುಕಿ ಗೊಣಗಿದಳಂತೆ. ಆ ದಿನದಿಂದ ಅವರು ವಾರ್ಡಿಗೆಲ್ಲ ಬಿಗಿಯಕ್ಕ. ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ನಾನೂ ಬಿಗಿಯಕ್ಕ ಎಂದೇ ಬರೆಯುತ್ತೇನೆ, ಅವರ ಒಪ್ಪಿಗೆಯಿದೆ.

ಹಾಸುವ ಕೆಲಸ ಆಸ್ಪತ್ರೆಯಿಂದ ಶುರುವಾದದ್ದಲ್ಲ. ಅವರು ಬೆಳೆದದ್ದು ಒಂದೇ ಕೋಣೆಯ ಮನೆಯಲ್ಲಿ. ಹಗಲು ಅದು ಅಡುಗೆಮನೆ, ತಂದೆಯ ಚಪ್ಪಲಿ ಹೊಲಿಗೆಯ ಅಂಗಡಿ, ಮಕ್ಕಳ ಓದಿನ ಜಾಗ. ಕತ್ತಲಾದ ಮೇಲೆ ಚಾಪೆ, ಹಾಸಿಗೆಗಳನ್ನು ಬಿಡಿಸಿದರೆ ನೆಲವೇ ಕಾಣುತ್ತಿರಲಿಲ್ಲ. ಬಿಡಿಸುವವಳು ಹಿರಿಮಗಳು. ಗೋಡೆಯ ಕಡೆಯಿಂದ ಹಾಸುತ್ತ ಬಂದು ಬಾಗಿಲ ಹತ್ತಿರ ಉಳಿದಷ್ಟು ಜಾಗ ಅವಳದು. ಬೆಳಿಗ್ಗೆ ಯಾರು ಹೊರಗೆ ಹೋಗಬೇಕಾದರೂ ಮೊದಲು ಆ ಬಾಗಿಲ ಹಾಸಿಗೆ ಸುತ್ತಿಡಬೇಕು. ಹೀಗೆ ಎಲ್ಲರಿಗಿಂತ ಕೊನೆಗೆ ಮಲಗುವವಳೂ ಅವಳೇ, ಎಲ್ಲರಿಗಿಂತ ಮುಂಚೆ ಏಳುವವಳೂ ಅವಳೇ.

ಮದುವೆಯಾದದ್ದು ಗೋದಾಮಿನ ಕಾವಲುಗಾರನನ್ನು. ಆತನಿಗೆ ರಾತ್ರಿ ಪಾಳಿ, ಇವರಿಗೆ ಹಗಲು. ಮನೆಯಲ್ಲಿದ್ದುದು ಒಂದೇ ಮಂಚ. ಇವರು ಎದ್ದು ಹಾಸಿಟ್ಟು ಹೋಗುತ್ತಿದ್ದರು, ಆತ ಬಂದು ಮಲಗುತ್ತಿದ್ದ. ಸಂಜೆ ಇವರು ಮನೆ ಸೇರುವಾಗ ಆತ ಎದ್ದು ಹೋಗಿರುತ್ತಿದ್ದ; ಹಾಸಿಗೆಯ ಮೇಲೆ ಆತನ ಮೈಯ ಅಚ್ಚು ಮಾತ್ರ ಉಳಿದಿರುತ್ತಿತ್ತು.

"ಒಳ್ಳೇ ಮನುಷ್ಯ," ಎಂದರು ಬಿಗಿಯಕ್ಕ. "ಸುಳ್ಳು ಹೇಳಬಾರದು. ಒಂದು ದಿನ ಕೈ ಎತ್ತಲಿಲ್ಲ, ಒಂದು ದಿನ ಕುಡಿದು ಬರಲಿಲ್ಲ, ಒಂದು ದಿನ ಬೆಡ್‌ಶೀಟ್ ಮಡಿಸಲಿಲ್ಲ."

ಆತ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಬಿಗಿಯಕ್ಕ ತಂಗಿಯ ಮನೆ ಸೇರಿದರು. ತಂಗಿ ಬಟ್ಟೆ ಹೊಲಿಯುವವರು. ತಂಗಿಯ ಗಂಡ ಬಸ್ ಕಂಡಕ್ಟರ್.

ಒಮ್ಮೆ ಅವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತು, ಅವರದೇ ವಾರ್ಡಿನಲ್ಲಿ. ಅಂದು ಮಾತ್ರ ಬೇರೆಯವರು ಅವರಿಗಾಗಿ ಹಾಸಿಗೆ ಹಾಸಿದರು, ಜೊತೆಯ ಆಯಾ ಒಬ್ಬಳು. ಆದರೆ ಮೈಮೇಲೆ ಎಚ್ಚರವಿರಲಿಲ್ಲ. ಎಚ್ಚರ ಬಂದಾಗ ನೋವು. ನೋವು ಕಡಿಮೆಯಾದ ಬೆಳಿಗ್ಗೆ ನರ್ಸಮ್ಮ ಬಂದು ನೋಡಿದರೆ ಇವರು ಒಂದು ಕೈಯಲ್ಲಿ ಹೊಲಿಗೆಯ ಜಾಗ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ತಮ್ಮದೇ ಮಂಚದ ಕಾಲ್ದೆಸೆಯನ್ನು ಬಿಗಿಮಾಡುತ್ತಿದ್ದರು. ನರ್ಸಮ್ಮ ಕೂಗಾಡಿದರಂತೆ. ಬಿಗಿಯಕ್ಕನಿಗೆ ಅದು ನೆನಪಿರುವುದು ಬೇರೆ ಕಾರಣಕ್ಕೆ. "ಆವತ್ತು ಅಂದ್ಕೊಂಡೆ. ಒಂದ್ಸಲ, ಒಂದೇ ಒಂದ್ಸಲ, ಕಾಯಿಲೆ ಬೀಳದೆ, ಬೇರೆಯವರು ಹಾಸಿದ ಹಾಸಿಗೆ ಮೇಲೆ ಹೋಗಿ ಧಪ್ ಅಂತ ಬೀಳಬೇಕು."

ನಿವೃತ್ತಿಯ ದಿನ ವಾರ್ಡಿನವರು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆ ಸಂಜೆ ಮನೆಯಲ್ಲಿ, ಇನ್ನು ಮುಂದೆ ಏನು ಆಸೆಯಿದೆ ಎಂಬ ಮಾತು ಬಂದಾಗ ಅವರು ಈ ಆಸೆಯನ್ನು ಮೊದಲ ಬಾರಿ ಬಾಯಿಬಿಟ್ಟು ಹೇಳಿದರು. ಕಂಡಕ್ಟರ್ ನಕ್ಕುಬಿಟ್ಟ.

"ಅಷ್ಟೇನಾ ಅಕ್ಕ? ಜನ ಬಂಗಾರ ಕೇಳ್ತಾರೆ, ನೀವು ಬೆಡ್‌ಶೀಟ್ ಕೇಳ್ತಿದೀರಲ್ಲ! ಏಯ್, ಅಕ್ಕನಿಗೆ ಇವತ್ತು ನೀನೇ ಹಾಸಿಕೊಡೇ."

ತಂಗಿ ಹಾಸಿಕೊಟ್ಟರು. ಬಿಗಿಯಕ್ಕ ಅದರ ಮೇಲೆ ಕುಳಿತರು, ಎದ್ದರು, ಮೂಲೆ ಸರಿಮಾಡಿದರು, ಮತ್ತೆ ಕುಳಿತರು. ಕೊನೆಗೆ ಪೂರ್ತಿ ಎಳೆದು ಹಾಕಿ ತಾವೇ ಹಾಸಿ ಮಲಗಿದರು. ಮನೆಯಲ್ಲಿ ಇದು ಆಗುವ ಮಾತಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ಹಾಸುವುದೇ ಯಾರ ಕೆಲಸವೋ ಅಂಥವರಿರುವ ಜಾಗಕ್ಕೆ ಹೋಗಬೇಕು. ಅಲ್ಲಿ ತಾವು ಅತಿಥಿಯಾಗಿರಬೇಕು. ಆಗ ತಂಗಿಯೇ ಹೇಳಿದ್ದು: ರೈಲಿನಲ್ಲಿ ಮಹಾನಗರಕ್ಕೆ ಹೋಗೋಣ, ಎರಡು ರಾತ್ರಿ ಲಾಡ್ಜಿನಲ್ಲಿ ಉಳಿಯೋಣ, ಅಕ್ಕ ಮಲಗಲಿ, ನಾನು ಊರು ನೋಡುತ್ತೇನೆ.

ಈ ಆಸೆಯನ್ನು ಕೇಳಿ ನಗುವುದು ಸುಲಭ. ಆದರೆ ಒಬ್ಬ ಹೆಂಗಸು ತನ್ನ ದುಡಿಮೆಯ ಬದುಕೆಲ್ಲ ಪ್ರತಿದಿನ ಇತರರಿಗೆ ಕೊಟ್ಟದ್ದನ್ನು ಒಮ್ಮೆ ಪಡೆಯಲು ಊರು ಬಿಟ್ಟು ರೈಲು ಹತ್ತಬೇಕಾಯಿತು ಎಂಬುದರಲ್ಲಿ ನಗೆಯ ವಿಷಯ ಏನಿದೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಕೋಣೆ ಹುಡುಕುವ ಹೊಣೆ ಕಂಡಕ್ಟರನದು. ಬಾಡಿಗೆ ಕೈಗೆಟುಕುವಂತಿರಬೇಕು, ತಂಗಿಯ ಮಂಡಿ ಕೆಟ್ಟಿರುವುದರಿಂದ ನಿಲ್ದಾಣಕ್ಕೆ ಹತ್ತಿರವಿರಬೇಕು. ಹಾಸಿಗೆಯ ಬಗ್ಗೆ ಬೇರೆ ಹೇಳುವ ಅಗತ್ಯವಿರಲಿಲ್ಲ. ಆತ ಫೋನಿನಲ್ಲಿ ತಡಕಾಡಿ ಒಂದು ಚಿತ್ರ ತೋರಿಸಿದ. ಬೆಳ್ಳಗೆ ಹೊಳೆಯುವ ಹಾಸಿಗೆ, ಅದರ ಮೇಲೆ ಟವೆಲಿನಲ್ಲಿ ಮಡಚಿಟ್ಟ ಬಾತುಕೋಳಿ. ಕೆಳಗೆ ಬರೆದಿತ್ತು: ನಿಲ್ದಾಣದಿಂದ ಐದೇ ನಿಮಿಷ.

"ಬಾತುಕೋಳಿ ನೋಡಿ ಅಕ್ಕ," ಎಂದ ಕಂಡಕ್ಟರ್. "ಇಷ್ಟು ಪುರಸೊತ್ತಿರೋರು ಹಾಸಿಗೆ ಹಾಸದೆ ಇರ್ತಾರಾ?"

ರೈಲಿನಲ್ಲಿ ಬಿಗಿಯಕ್ಕ ಕಿಟಕಿಯ ಪಕ್ಕ ಕುಳಿತಿದ್ದರು. ಹೊರಗೆ ಏನು ನೋಡಿದಿರಿ ಎಂದು ಕೇಳಿದೆ. ಏನೂ ಇಲ್ಲ ಎಂದರು. ಆ ಬೆಳ್ಳಗಿನ ಹಾಸಿಗೆಯ ಮೇಲೆ ಹೇಗೆ ಬೀಳುವುದು ಎಂದು ಯೋಚಿಸುತ್ತಿದ್ದರಂತೆ. ಅಂಗಾತವೋ, ಬೋರಲೋ.

ನಿಲ್ದಾಣ ದೊಡ್ಡದು. ಹೊರಗಿನ ಬೀದಿಯ ಉದ್ದಕ್ಕೂ ಒಂದರ ತಲೆಯ ಮೇಲೊಂದು ಲಾಡ್ಜಿನ ಬೋರ್ಡುಗಳು. ಅವರದು ಅಲ್ಲಿರಲಿಲ್ಲ. ಮೇಲ್ಸೇತುವೆ ಹತ್ತಿ ಇಳಿದರು, ಟೈರ್ ಅಂಗಡಿಗಳ ಸಾಲು ದಾಟಿದರು, ಕೊಳಾಯಿ ಒಡೆದು ನೀರು ನಿಂತ ಗಲ್ಲಿಯೊಂದನ್ನು ಬಳಸಿಕೊಂಡು ನಡೆದರು. ತಂಗಿ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತು ಗಂಡನಿಗೆ ಫೋನು ಹಚ್ಚಿದರು.

"ಐದು ನಿಮಿಷ ಅಂದ್ರಲ್ಲ, ಯಾರಿಗೆ ಐದು ನಿಮಿಷ? ಹದ್ದಿಗಾ?"

"ನಡೀತಾ ಇರು, ಬರತ್ತೆ."

"ಹೌದು ಹೌದು, ಅದೇ ನಡ್ಕೊಂಡು ನಮ್ಮ ಹತ್ರ ಬರತ್ತೆ. ನಿಮ್ಮ ಬಸ್ಸಿನೋರಿಗೆ ಹೇಳ್ತೀರಲ್ಲ, ಮುಂದೆ ಹೋಗಿ ಮುಂದೆ ಹೋಗಿ ಅಂತ. ಹೆಂಡತಿಗೂ ಅದೇನಾ?"

ಕೊನೆಗೂ ಲಾಡ್ಜು ಸಿಕ್ಕಿತು. ಕೆಳಗೆ ಮೇಜಿನ ಹಿಂದೆ ಕೂದಲಿಗೆ ಎಣ್ಣೆ ಮೆತ್ತಿದ ಮ್ಯಾನೇಜರ್. ಆತ ಫೋನು ನೋಡಿ, ಪರದೆ ನೋಡಿ, ಇವರ ಮುಖ ಮಾತ್ರ ನೋಡದೆ ಹೇಳಿದ:

"ಬುಕ್ಕಿಂಗ್ ಇದೆ. ರೂಮಿಲ್ಲ."

"ಹಾಗಂದ್ರೆ?" ಎಂದರು ತಂಗಿ.

"ಅದರಲ್ಲಿರೋರು ಇನ್ನೂ ಖಾಲಿ ಮಾಡಿಲ್ಲಮ್ಮ. ಮಧ್ಯಾಹ್ನದ ಮೇಲೆ ಬನ್ನಿ."

"ಅಲ್ಲೀವರೆಗೆ ನಾವೆಲ್ಲಿರಬೇಕು?"

"ಊರು ದೊಡ್ಡದಿದೆಯಲ್ಲಮ್ಮ, ನೋಡ್ಕೊಂಡು ಬನ್ನಿ."

ಮುಂಗಡ ಕೊಟ್ಟಿರಲಿಲ್ಲವಾದ್ದರಿಂದ ಬಿಗಿಯಕ್ಕ ಬೇರೆ ಕಡೆ ನೋಡೋಣ ಎಂದರು. ಮುಂದಿನ ಎರಡು ಮೂರು ಗಂಟೆಗಳ ಕಾಲ ಆ ಮಹಾನಗರ ಈ ಇಬ್ಬರು ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಅವರು ಪ್ರತಿ ಸಲ ಹೇಳುವಾಗಲೂ ದನಿ ಏರುತ್ತದೆ. ಏರುವುದು ಸರಿಯೇ.

ಎದುರು ಸಾಲಿನ ಲಾಡ್ಜಿನವನು ಇವರ ಹಿಂದೆ ಬಾಗಿಲ ಕಡೆ ಕತ್ತು ಚಾಚಿ ನೋಡಿ, "ಗಂಡಸರು ಯಾರೂ ಬಂದಿಲ್ವಾ?" ಎಂದ. ಇಲ್ಲ ಎಂದಾಗ, "ಹಾಗೆಲ್ಲ ಬರೀ ಹೆಂಗಸರಿಗೆ ನಾವು ರೂಮ್ ಕೊಡಲ್ಲ, ನಮ್ಮದು ಮರ್ಯಾದಸ್ಥರ ಜಾಗ" ಎಂದ.

"ನನ್ನ ವಯಸ್ಸೆಷ್ಟು ಅಂತ ತಿಳ್ಕೊಂಡಿದೀಯಪ್ಪ ನೀನು?" ಬಿಗಿಯಕ್ಕ ಕೇಳಿದರು.

"ವಯಸ್ಸಿನ ಪ್ರಶ್ನೆ ಅಲ್ಲಮ್ಮ, ರೂಲ್ಸು."

"ನಿನ್ನಂಥ ಮರ್ಯಾದಸ್ಥರು ಹುಟ್ಟಿದ ಹಾಸಿಗೆಗಳನ್ನ ಒಗೆಯೋಕೆ ಹಾಕಿದೋಳು ನಾನು. ಆಗ ಯಾರೂ ಗಂಡಸರು ಬಂದಿದಾರಾ ಅಂತ ಕೇಳಲಿಲ್ಲ."

ನಿಲ್ದಾಣದ ಎದುರಿಗೇ ಇದ್ದ, ಗಾಜಿನ ಬಾಗಿಲಿನ ಹೋಟೆಲಿನಲ್ಲಿ ಒಬ್ಬ ಹುಡುಗಿ ನಗುನಗುತ್ತಲೇ ಬಾಡಿಗೆ ಹೇಳಿದಳು. ತಂಗಿ ಕೇಳಿದ್ದನ್ನು ನಂಬದೆ ಮತ್ತೊಮ್ಮೆ ಕೇಳಿದರು. "ಬರೀ ಮಲಗೋಕಾ? ಅಥವಾ ಕಟ್ಟಡದಲ್ಲಿ ನಮಗೂ ಪಾಲು ಬರತ್ತಾ?" ಹುಡುಗಿ ಅದಕ್ಕೂ ನಕ್ಕಳು.

ಅದರ ಹಿಂದಿನ ಬೀದಿಯಲ್ಲಿ ಒಂದು ಹಾಸ್ಟೆಲ್ ಇತ್ತು. ಹತ್ತಿರ, ಅಗ್ಗ, ಹೆಂಗಸರಿಗೆ ಬೇರೆ ಕೋಣೆ, ನೋಡಿಕೊಳ್ಳುವವಳು ಮರ್ಯಾದೆಯಿಂದ ಮಾತಾಡುವ ಮಧ್ಯವಯಸ್ಕಳು. ಒಂದರ ಮೇಲೊಂದು ಮಂಚಗಳಿದ್ದ ಕೋಣೆಯನ್ನು ತೋರಿಸಿ, ಕೆಳಗಿನ ಎರಡು ನಿಮಗೇ ಕೊಡುತ್ತೇನೆ ಎಂದಳು. ತಂಗಿ ಚೀಲವನ್ನು ಇಳಿಸಿಯೂ ಆಗಿತ್ತು. ಆಗ ಅವಳು ಎರಡು ಮಡಿಸಿದ ಬೆಡ್‌ಶೀಟ್ ತಂದು ಬಿಗಿಯಕ್ಕನ ಕೈಗೆ ಕೊಟ್ಟಳು. "ಇಲ್ಲಿ ಹಾಸಿಗೆ ಅವರವರೇ ಹಾಸ್ಕೋಬೇಕು. ಅದಕ್ಕೇ ಕಡಿಮೆ ಬಾಡಿಗೆ."

ಬಿಗಿಯಕ್ಕ ಬೆಡ್‌ಶೀಟುಗಳನ್ನು ನೋಡಿದರು. ತಂಗಿ ಅಕ್ಕನ ಮುಖ ನೋಡಿದರು, ನಿಟ್ಟುಸಿರು ಬಿಟ್ಟು ಚೀಲ ಎತ್ತಿಕೊಂಡರು.

"ನನ್ನ ಮಂಡಿ ನಿನ್ನ ಹಾಸಿಗೇಗೆ ಬಲಿ," ಎಂದು ಬೀದಿಯಲ್ಲಿ ಬೈದರಂತೆ. ಅಷ್ಟು ಹೇಳಿ ಮುಂದೆ ಒಂದು ಮಾತೂ ಆಡದೆ ಜೊತೆಗೆ ನಡೆದರು. ಇದನ್ನು ಹೇಳಿದವರು ಬಿಗಿಯಕ್ಕ. ತಂಗಿಯ ಪ್ರಕಾರ ತಾವು ದಾರಿಯುದ್ದಕ್ಕೂ ಬೈಯುತ್ತಲೇ ಇದ್ದರು.

ಮೊದಲಿನ ಲಾಡ್ಜಿಗೇ ವಾಪಸಾದರು. ಮ್ಯಾನೇಜರ್ ಬಾಡಿಗೆ ಎಣಿಸಿಕೊಂಡು ಕೀಲಿ ಕೊಟ್ಟ. ಕೋಣೆ ಮೊದಲ ಮಹಡಿಯಲ್ಲಿ. ಬಾಗಿಲು ತೆರೆದರೆ ಒಳಗೆ ಸಿಗರೇಟಿನ ಹಳೆಯ ವಾಸನೆ, ಮೇಜಿನ ಮೇಲೆ ಅರ್ಧ ಕುಡಿದ ನೀರಿನ ಬಾಟಲಿ, ಮಂಚದ ಮೇಲೆ ಯಾರೋ ಮಲಗಿ ಎದ್ದುಹೋದ ಗುರುತು. ಬೆಡ್‌ಶೀಟು ನಡುವೆ ಮುದುಡಿಕೊಂಡಿತ್ತು. ದಿಂಬಿನ ಮೇಲೆ ಎರಡು ಕೂದಲು. ಬಾತುಕೋಳಿ ಎಲ್ಲಿಯೂ ಇರಲಿಲ್ಲ.

ತಂಗಿ ಮೆಟ್ಟಿಲ ತುದಿಯಿಂದಲೇ ಕೂಗಿ ಕೇಳಿದರು. ಕೆಳಗಿನಿಂದ ಉತ್ತರ ಬಂತು: "ಕ್ಲೀನಿಂಗಿನವಳು ಒಬ್ಬಳೇ ಇದಾಳಮ್ಮ, ಮೇಲಿನ ಮಹಡಿ ಮುಗಿಸಿ ಬರ್ತಾಳೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ."

"ನೀನು ಸುಮ್ನೆ ಕುರ್ಚಿ ಮೇಲೆ ಕೂತಿರು. ಬರ್ತಾಳೆ. ಏನೂ ಮುಟ್ಟಬೇಡ," ಎಂದು ಅಕ್ಕನಿಗೆ ಹೇಳಿ ತಂಗಿ ಸ್ನಾನಕ್ಕೆ ಹೋದರು.

ಅವರು ಸ್ನಾನ ಮುಗಿಸಿ ಬಾಗಿಲು ತೆರೆದಾಗ ಕೋಣೆ ಬೇರೆಯಾಗಿತ್ತು. ಕಿಟಕಿ ತೆರೆದಿತ್ತು, ಬಾಟಲಿ ಮಾಯವಾಗಿತ್ತು. ಮಂಚದ ಮೇಲೆ ಒಗೆದ ಬೆಡ್‌ಶೀಟು ತಮಟೆಯ ಚರ್ಮದಂತೆ ಎಳೆದು ನಿಂತಿತ್ತು. ಬಿಗಿಯಕ್ಕ ಕಾಲ್ದೆಸೆಯಲ್ಲಿ ಮಂಡಿ ಊರಿ ಕೊನೆಯ ಮೂಲೆಯನ್ನು ಗಾದಿಯ ಕೆಳಗೆ ತೂರಿಸುತ್ತಿದ್ದರು. ಬಾಯಲ್ಲಿ ಏನೋ ಹಾಡು ಗುನುಗುತ್ತಿದ್ದರು ಎನ್ನುತ್ತಾರೆ ತಂಗಿ. ಬಿಗಿಯಕ್ಕ ಅದನ್ನು ಖಡಾಖಂಡಿತವಾಗಿ ಅಲ್ಲಗಳೆಯುತ್ತಾರೆ.

"ಅಕ್ಕಾ! ಏನೇ ಮಾಡ್ದೆ?"

ಬಿಗಿಯಕ್ಕ ತಲೆಯೆತ್ತಿದರು. ಮಂಚ ನೋಡಿದರು. ತಮ್ಮ ಕೈ ನೋಡಿಕೊಂಡರು. ಹೊರಗಿನ ಕಪಾಟಿನಲ್ಲಿ ಒಗೆದ ಬಟ್ಟೆಯ ಅಟ್ಟಿ ಕಂಡದ್ದು ನೆನಪಿದೆ, ಅದರಿಂದ ಒಂದನ್ನು ಎಳೆದದ್ದು ನೆನಪಿಲ್ಲ. ದಿಂಬು ಕೊಡವಿದ್ದು ನೆನಪಿಲ್ಲ. ನನಗೆ ಇದನ್ನು ಹೇಳುವಾಗಲೂ ಅವರ ಮುಖ ಕೆಂಪಾಯಿತು. "ನನ್ನ ಕೈ ಮೇಲೆ ನನಗೆ ಬಂದ ಸಿಟ್ಟು ಆ ಲಾಡ್ಜಿನೋನ ಮೇಲೂ ಬಂದಿರಲಿಲ್ಲ. ರೈಲು ಹತ್ತಿ, ಊರೆಲ್ಲ ಅಲೆದು, ಆ ಮಾತೆಲ್ಲ ಕೇಳಿಸ್ಕೊಂಡು, ಬಂದು ಮಾಡಿದ್ದೇನು? ವಾರ್ಡ್ ಡ್ಯೂಟಿ!"

ತಂಗಿ ಸಮಾಧಾನಕ್ಕೆಂದು, "ಹೋಗ್ಲಿ ಬಿಡೇ, ನಾಳೆ ಹಾಸ್ತಾರಲ್ಲ" ಎನ್ನುತ್ತಿರುವಾಗಲೇ ಮ್ಯಾನೇಜರ್ ಫ್ಯಾನಿನ ಸ್ವಿಚ್ಚು ತೋರಿಸಲು ಮೇಲೆ ಬಂದ. ಬಾಗಿಲಲ್ಲಿ ನಿಂತವನ ಕಣ್ಣು ಮಂಚದ ಮೇಲೆ ಬಿತ್ತು. ಒಳಗೆ ಬಂದ, ಮೂಲೆಯ ಮಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಆ ದಿನದಲ್ಲಿ ಮೊದಲ ಬಾರಿಗೆ ಬಿಗಿಯಕ್ಕನ ಮುಖ ನೋಡಿ ಮಾತಾಡಿದ.

"ನೀವು ಹಾಸಿದ್ರಾ ಅಮ್ಮಾ? ಅಬ್ಬಾ! ಹೇಗೂ ಎರಡು ದಿನ ಇರ್ತೀರಲ್ಲ... ಈ ಮಹಡಿದು ಇನ್ನೂ ನಾಲ್ಕು ರೂಮಿದೆ. ಬೆಳಿಗ್ಗೆ ಒಂದು ಕೈ ಹಾಕಿಕೊಟ್ರೆ ಬಾಡಿಗೇಲಿ ಅರ್ಧ ಬಿಟ್ಬಿಡ್ತೀನಿ."

ಆ ಕ್ಷಣದಲ್ಲಿ ತಂಗಿಯ ತಲೆಯಲ್ಲಿ ಏನು ಹಾದುಹೋಯಿತು ಎಂಬುದನ್ನು ಅವರು ಮುಚ್ಚಿಡಲಿಲ್ಲ. "ಅರ್ಧ ಅಂದ ತಕ್ಷಣ ನನಗೆ ಬಾಯಲ್ಲಿ ನೀರು ಬಂತು. ಅಕ್ಕನಿಗೆ ಅಭ್ಯಾಸ ಇರೋ ಕೆಲಸ ತಾನೇ ಅಂದ್ಕೊಂಡೆ. 'ಅಕ್ಕ, ಯೋಚನೆ ಮಾಡು...' ಅಂತ ಅಂದೂಬಿಟ್ಟೆ. ಅವಳು ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಸತ್ತರೂ ಮರೆಯಲ್ಲ."

ಬಿಗಿಯಕ್ಕ ಕಾಲ್ದೆಸೆಗೆ ಹೋಗಿ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಒಮ್ಮೆ ಎಳೆದರು. ಬಿಗಿದು ಕಟ್ಟಿದ್ದು ಅವರೇ ಆದ್ದರಿಂದ ಬಿಚ್ಚಲು ಅವರಿಗೂ ಬಲ ಬೇಕಾಯಿತು. ಹೊದಿಕೆ, ಬೆಡ್‌ಶೀಟು, ದಿಂಬಿನ ಚೀಲ ಎಲ್ಲವನ್ನೂ ಎಳೆದು ಮುದ್ದೆ ಮಾಡಿ ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದರು. ಹಿಂದಿನಿಂದ ಮ್ಯಾನೇಜರ್, ಅವನ ಹಿಂದೆ ಕುಂಟುತ್ತ ತಂಗಿ. ಆ ಮುದ್ದೆಯನ್ನು ಮ್ಯಾನೇಜರನ ಮೇಜಿನ ಮೇಲೆ, ಅವನ ಫೋನು ಪೆನ್ನುಗಳ ಮೇಲೆಯೇ, ಬಿಗಿಯಕ್ಕ ಇಳಿಸಿದರು.

"ನಾನಿಲ್ಲಿ ಹಾಸೋಕೆ ಬಂದಿಲ್ಲ. ಮಲಗೋಕೆ ಬಂದಿದೀನಿ. ಕಾಸು ಕೊಟ್ಟು ಬಂದಿದೀನಿ. ನಿಮ್ಮ ಬಾತುಕೋಳಿ ನಿಮಗೇ ಇರಲಿ, ಹಾಸಿಗೆ ಹಾಸಿಸಿ ಕೊಡಿ."

"ಹಾಸಿತ್ತಲ್ಲಮ್ಮ, ನೀವೇ ಯಾಕೆ..."

"ಅದು ನಾನು ಹಾಸಿದ್ದು!"

"ಅದಕ್ಕೇನೀಗ? ಹಾಸಿಗೆ ಹಾಸಿಗೇನೇ ಅಲ್ವಾ?"

ಇದನ್ನು ಬರೆಯುವಾಗ ನನಗೆ ಹೊಳೆದದ್ದಿಷ್ಟೆ: ಹಾಸಿದ ಹಾಸಿಗೆ ತಾನಾಗಿಯೇ ಹಾಸಿಕೊಂಡಿರುತ್ತದೆ ಎಂದು ಬಲವಾಗಿ ನಂಬಿದವರಿಗೆ ಮಾತ್ರ ಹಾಸಿಗೆ ಹಾಸಿಗೆಯೇ. ಬಿಗಿಯಕ್ಕ ಅಲ್ಲಿಯೇ ಇದ್ದ ಬೆಂಚಿನ ಮೇಲೆ ಕುಳಿತು, ಹಾಸುವವಳು ಬಂದ ಮೇಲೆಯೇ ಮೇಲೆ ಹೋಗುತ್ತೇನೆ ಎಂದರು. ಒಳಗೆ ಬಂದ ಬೇರೆ ಗಿರಾಕಿಗಳು ಮೇಜಿನ ಮೇಲಿನ ಗಂಟನ್ನೂ ಬೆಂಚಿನ ಮೇಲಿನ ಹೆಂಗಸನ್ನೂ ನೋಡತೊಡಗಿದಾಗ ಮ್ಯಾನೇಜರ್ ಕ್ಲೀನಿಂಗಿನವಳನ್ನು ಕೂಗಿ ಕರೆದ.

ಬಂದವಳು ನಲವತ್ತರ ಆಚೀಚೆಯ ಹೆಂಗಸು. ಎಡಗೈಯ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಗಂಟನ್ನು ಎತ್ತಿಕೊಂಡು, ಮೆಟ್ಟಿಲು ಹತ್ತುವಾಗಲೇ ಶುರುಮಾಡಿದಳು.

"ಹಾಸಿದ್ದನ್ನ ಕಿತ್ತು ಹಾಕೋರನ್ನ ಇವತ್ತೇ ನೋಡಿದ್ದು ನಾನು. ಯಾಕಮ್ಮ, ಒಳಗೇನು ಹಾವಿತ್ತಾ? ನನಗೇನು ಬೇರೆ ಕೆಲಸ ಇಲ್ಲ ಅಂದ್ಕೊಂಡ್ರಾ?"

ಬಿಗಿಯಕ್ಕ ಕೋಣೆಯ ಕುರ್ಚಿಯಲ್ಲಿ ಕುಳಿತರು. ಇನ್ನು ಮೇಲೆ ನಡೆದದ್ದು ಹೊರಗಿನಿಂದ ನೋಡುವವರಿಗೆ ಏನೂ ಅಲ್ಲ: ಒಬ್ಬಳು ಹಾಸಿಗೆ ಹಾಸುತ್ತಿದ್ದಾಳೆ, ಇನ್ನೊಬ್ಬಳು ಕುಳಿತಿದ್ದಾಳೆ. ಆದರೆ ಕುಳಿತವರ ಪಾಲಿಗೆ ಅದು ಅವರು ಮಾಡಿದ ಅತ್ಯಂತ ಕಷ್ಟದ ಕೆಲಸ. ಕ್ಲೀನಿಂಗಿನವಳು ತಲೆದೆಸೆಯನ್ನು ಬಿಟ್ಟು ಮಗ್ಗುಲಿನಿಂದ ಆರಂಭಿಸಿದಳು. ಬಿಗಿಯಕ್ಕ ಎದ್ದೇಬಿಡುವಂತಾದರು. ತಂಗಿ ಚಟ್ಟನೆ ದೊಡ್ಡ ಚೀಲವನ್ನು ತಂದು ಅಕ್ಕನ ತೊಡೆಯ ಮೇಲೆ ಕುಕ್ಕಿದರು.

"ಹಿಡ್ಕೊಂಡು ಕೂತಿರು. ಏಳಬೇಡ."

ಗಾದಿ ಭಾರವಿತ್ತು. ಕ್ಲೀನಿಂಗಿನವಳಿಗೆ ಒಂದೇ ಕೈಯಲ್ಲಿ ಎತ್ತಬೇಕಿತ್ತು. ಒಮ್ಮೆ ಎತ್ತಿ ಬಟ್ಟೆ ತೂರಿಸುವಷ್ಟರಲ್ಲಿ ಜಾರಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ಆಗ ಅವಳು ತಿರುಗಿ, ಸಿಟ್ಟಿಲ್ಲದೆ, ಪಕ್ಕದ ಮನೆಯವಳನ್ನು ಕೇಳುವ ಹಾಗೆ ಕೇಳಿದಳು:

"ಅಮ್ಮಾ, ಆ ತುದಿ ಒಂಚೂರು ಹಿಡ್ಕೊಳ್ತೀರಾ?"

ಮಾತು ಇಲ್ಲಿಗೆ ಬಂದಾಗ ಬಿಗಿಯಕ್ಕ ಪ್ರತಿ ಸಲವೂ ಎದ್ದು ಹೋಗಿ ಒಲೆಯ ಮೇಲಿನ ಪಾತ್ರೆ ಇಳಿಸಿ ಬರುತ್ತಾರೆ, ಅಥವಾ ಕಿಟಕಿ ಮುಚ್ಚುತ್ತಾರೆ. ಆಮೇಲೆ ಹೇಳುತ್ತಾರೆ.

"ಇಲ್ಲ, ಅಂದೆ."

ಕ್ಲೀನಿಂಗಿನವಳು ಅವರನ್ನು ದಿಟ್ಟಿಸಿದಳು. ಇಂಥ ಉತ್ತರ ಅವಳು ಕೇಳಿರದೆ ಇರಲಾರಳು. ಆದರೆ ಇಂಥ ಮುಖದಿಂದ ಕೇಳಿರಲಾರಳು. ಬಿಗಿಯಕ್ಕನ ಕಣ್ಣಲ್ಲಿ ನೀರು ತುಂಬಿತ್ತು. ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡರು.

"ಬೇಜಾರು ಮಾಡ್ಕೋಬೇಡಮ್ಮ," ಎಂದರು ಬಿಗಿಯಕ್ಕ. "ಬದುಕೆಲ್ಲ ಹಿಡಿದಿದೀನಿ. ಆಸ್ಪತ್ರೇಲಿ. ಇವತ್ತೊಂದು ದಿನ ಹಿಡಿಯಲ್ಲ."

ಕ್ಲೀನಿಂಗಿನವಳಿಗೆ ಏನು ಅರ್ಥವಾಯಿತೋ ತಿಳಿಯದು. "ಹಾಗಾದ್ರೆ ಹಿಡೀಬೇಡಿ, ಕೂತ್ಕೊಳಿ" ಎಂದಳು. ಕೆಳಗಿನ ಮ್ಯಾನೇಜರನನ್ನೂ, ಗಾದಿ ಮಾಡಿದವನನ್ನೂ, ತನ್ನ ಮಣಿಕಟ್ಟನ್ನೂ ಒಂದೇ ಉಸಿರಿನಲ್ಲಿ ಬೈದು, ಮಂಡಿಯನ್ನು ಗಾದಿಯ ಕೆಳಗೆ ಕೊಟ್ಟು ಎತ್ತಿ, ಬಟ್ಟೆ ತೂರಿಸಿದಳು.

ಹಾಸಿದ್ದು ಚೆನ್ನಾಗಿರಲಿಲ್ಲ. ಒಂದು ಮಗ್ಗುಲು ಇಳಿಬಿದ್ದಿತ್ತು, ನಡುವೆ ಉದ್ದಕ್ಕೂ ಒಂದು ಸುಕ್ಕು ಹಾದಿತ್ತು, ದಿಂಬಿನ ಹೊಲಿಗೆ ಮೇಲ್ಮುಖವಾಗಿತ್ತು. "ನಮ್ಮ ವಾರ್ಡಲ್ಲಿ ಹೀಗೆ ಹಾಸಿದ್ರೆ ಎರಡನೇ ದಿನ ಇಟ್ಕೊಳ್ತಿರಲಿಲ್ಲ" ಎನ್ನುತ್ತಾರೆ ಬಿಗಿಯಕ್ಕ. ಕ್ಲೀನಿಂಗಿನವಳು ಬಾಗಿಲಲ್ಲಿ ತಿರುಗಿ "ಸರೀನಾ?" ಎಂದಾಗ "ಸರಿ" ಎಂದರು. ಚೀಲ ಕೆಳಗಿಟ್ಟರು. ಚಪ್ಪಲಿ ಕಳಚಿದರು. ಅಂಗಾತವೂ ಅಲ್ಲ, ಬೋರಲೂ ಅಲ್ಲ, ಮಗ್ಗುಲಾಗಿ, ಮರ ಬಿದ್ದಂತೆ ಬಿದ್ದರು.

ಇನ್ನೂ ಹಗಲು. ಕಿಟಕಿಯ ಹೊರಗೆ ಟೈರ್ ಅಂಗಡಿಯವರು ಕಬ್ಬಿಣ ಬಡಿಯುತ್ತಿದ್ದರು. ತಂಗಿ ಪಕ್ಕದಲ್ಲಿ ಕುಳಿತು ಹೇಗಿದೆ ಎಂದು ಕೇಳಿದರು. ಅಕ್ಕ ಆಗಲೇ ನಿದ್ದೆಹೋಗಿದ್ದರು. ಮಹಾನಗರದ ದೊಡ್ಡ ಉದ್ಯಾನ, ನದಿಯ ಮೇಲಿನ ಸೇತುವೆ, ಬೀದಿ ಬೀದಿಯ ಬಟ್ಟೆ ಅಂಗಡಿ ಎಲ್ಲವನ್ನೂ ತಂಗಿ ಒಬ್ಬರೇ, ಕುಂಟುತ್ತಲೇ ನೋಡಿಬಂದರು. "ಇವಳಿಗೆ ಆ ಊರಲ್ಲಿ ಏನು ನೋಡಿದೆ ಅಂತ ಕೇಳಿ. ರೂಮಿನ ಸೂರು ಬಿಟ್ಟು ಬೇರೇನೂ ನೋಡಿಲ್ಲ!"

ಎರಡು ಬೆಳಗೂ ಬಿಗಿಯಕ್ಕ ಎದ್ದ ಮೇಲೆ ಹಾಸಿಗೆಯನ್ನು ಮುಟ್ಟಲಿಲ್ಲ. ಮಲಗುವುದಕ್ಕಿಂತ ಇದು ಕಷ್ಟವಾಯಿತಂತೆ. ಊರಿಗೆ ಹೊರಟ ಬೆಳಿಗ್ಗೆ, ಮುದುಡಿದ ಬೆಡ್‌ಶೀಟು, ತಮ್ಮ ಮೈಯ ಅಚ್ಚು, ಓರೆಯಾದ ದಿಂಬು ಎಲ್ಲವನ್ನೂ ಇದ್ದಂತೆಯೇ ಬಿಟ್ಟು, ಹಿಂತಿರುಗಿ ನೋಡಬಾರದೆಂದು ಬಾಗಿಲು ಎಳೆದುಕೊಂಡರು. ಹೊರಗೆ ಕ್ಲೀನಿಂಗಿನವಳು ಕಪಾಟಿನ ಮುಂದೆ ಬಟ್ಟೆ ಮಡಿಸುತ್ತಿದ್ದಳು.

"ಹೊರಟ್ರಾ ಅಮ್ಮ?"

"ಹೂಂ. ಹಾಸಿಗೆ ಹಾಗೇ ಬಿಟ್ಟಿದೀನಿ."

"ಅಯ್ಯೋ, ಬಿಡಿ. ಅದಕ್ಕೇ ತಾನೇ ನಾವಿರೋದು?"

ಹೇಳಿದವಳ ಮಾತಿನಲ್ಲಿ ಕೊಂಕಿರಲಿಲ್ಲ. ಸೌಜನ್ಯಕ್ಕೆ ಆಡಿದ ಮಾತು. ವಾರ್ಡಿನಲ್ಲಿ ರೋಗಿಗಳು ಸಂಕೋಚಪಟ್ಟಾಗಲೆಲ್ಲ ಬಿಗಿಯಕ್ಕ ಇದೇ ಮಾತನ್ನು ಇದೇ ದನಿಯಲ್ಲಿ ಹೇಳುತ್ತ ಬಂದವರು. ಎರಡು ದಿನ ಮಲಗಿ ತಣ್ಣಗಾಗಿದ್ದ ಸಿಟ್ಟು ಅವರ ನೆತ್ತಿಗೇರಿತು.

"ಅದಕ್ಕಲ್ಲ!" ಎಂದು ಕೂಗಿದರು. "ಅದಕ್ಕಲ್ಲ ನಾವಿರೋದು! ಯಾರು ಹೇಳಿಕೊಟ್ರು ನಿನಗೆ ಈ ಮಾತನ್ನ? ಆ ಕೈಗೆ ಪಟ್ಟಿ ಕಟ್ಕೊಂಡು ಗಾದಿ ಎತ್ತೋಕಾ ನೀನಿರೋದು? ರಜ ಕೇಳು. ಇವತ್ತೇ ಕೇಳು. ಕೊಡಲ್ಲ ಅಂದ್ರೆ ಆ ಬೆಡ್‌ಶೀಟೆಲ್ಲ ತಗೊಂಡೋಗಿ ಅವನ ಮೇಜಿನ ಮೇಲೆ ಹಾಕು!"

ಕ್ಲೀನಿಂಗಿನವಳು ತಾನು ಏನು ತಪ್ಪು ಮಾಡಿದೆನೆಂದು ತಿಳಿಯದೆ ಮಡಿಸಿದ ಬಟ್ಟೆಯನ್ನು ಹಿಡಿದುಕೊಂಡು ನಿಂತಳು. ಮೆಟ್ಟಿಲ ಕೆಳಗಿನಿಂದ ತಂಗಿ, ರೈಲು ಹೋಗುತ್ತದೆ, ನಿಲ್ದಾಣ ಐದು ನಿಮಿಷವಲ್ಲ, ಬಾರೇ ಎಂದು ಕೂಗುತ್ತಿದ್ದರು. ಬಿಗಿಯಕ್ಕ ಇಳಿಯಲಿಲ್ಲ. ಆ ಹೆಂಗಸಿನ ಕೈ ಹಿಡಿದುಕೊಂಡು, ಸಡಿಲಾಗಿದ್ದ ಬಟ್ಟೆಯನ್ನು ಬಿಚ್ಚಿ, ಮಣಿಕಟ್ಟಿಗೆ ಮತ್ತೆ ಬಿಗಿಯಾಗಿ ಸುತ್ತಿ ಗಂಟು ಹಾಕುವವರೆಗೂ ಬೈಯುತ್ತಲೇ ಇದ್ದರು. ಬೈದದ್ದು ಅವಳನ್ನೋ, ಮ್ಯಾನೇಜರನನ್ನೋ, ಇನ್ನಾರನ್ನೋ, ಕೆಳಗೆ ನಿಂತ ತಂಗಿಗೆ ಗೊತ್ತಾಗಲಿಲ್ಲ.